ಮುಖ ಕೂಡುವ ಹೊತ್ತು

ಪಸ್ತಾಪುರದ ಚಾವಡಿಯ ಮುಂದಿನ ಹುಣಸೆಮರದ ಕೆಳಗೆ ಊರಿನ ಹೋರಿಗಳನ್ನೆಲ್ಲ ತಂದು ಕಟ್ಟಿದ್ದರು. ಮನ್ಮಥಪ್ಪ ಬೀಜ ಒಡೆಯುವ ಇಕ್ಕಳ ಹಿಡಿದು ಅವುಗಳ ನಡುವೆ ನಿಂತಿದ್ದ, ಆದರೆ ಅವನ ಕಿವಿ ಅಲ್ಲಿರಲಿಲ್ಲ. ಜಹೀರಾಬಾದಿನ ತನ್ನ ಮನೆಯಲ್ಲಿ ಕೂಸು ಇನ್ನೂ ಅಳುತ್ತಿದೆಯೋ, ಅಳು ನಿಂತುಬಿಟ್ಟಿದೆಯೋ? ಅಲ್ಲಿಯ ಅಳು ಇಲ್ಲಿಗೆ ಕೇಳಿಸುವುದಲ್ಲ. ಆದರೂ ಹೋರಿಯೊಂದು ಮೂಗಿನಿಂದ ಉಸಿರು ಬಿಟ್ಟರೆ, ಹಗ್ಗ ಜಗ್ಗಿ ಟೊಂಗೆ ಕಿರುಗುಟ್ಟಿದರೆ, ಬೆಚ್ಚಿ ಆ ಕಡೆ ತಿರುಗುತ್ತಿದ್ದ. ಕೂಸಿನ ಅಳು ಬೇರೆ ಕೂಸುಗಳ ಅಳುವಿನ ಹಾಗಿರಲಿಲ್ಲ. ತೂತುಬಿದ್ದ ತಿದಿಯಿಂದ ಗಾಳಿ ಸೋರಿದ ಹಾಗೆ ಮೂಗಿನಲ್ಲಿ ಬರುತ್ತಿತ್ತು. ಹುಟ್ಟಿ ನಾಲ್ಕು ದಿನ. ಮೇಲ್ದುಟಿ ಮೂಗಿನವರೆಗೆ ಸೀಳಿತ್ತು, ಒಳಗೆ ಅಂಗುಳೂ ತೆರೆದಿತ್ತು. ಮೊಲೆಗೆ ಹಚ್ಚಿದರೆ ಹಿಡಿಯಲು ಬರುತ್ತಿರಲಿಲ್ಲ. ಹಿಂಡಿ ಹಾಕಿದ ಹಾಲು ಮೂಗಿನಿಂದ ಹೊರಗೆ ಬಂದು ಕೊರಳ ಮೇಲೆ ಇಳಿಯುತ್ತಿತ್ತು. ಬೆಳಿಗ್ಗೆ ಅವನು ಸೈಕಲ್ ಹೊರಗೆ ತೆಗೆಯುವಾಗ ತಾಯಿ ಸುಂದರಬಾಯಿ ಹೊಸ್ತಿಲಲ್ಲಿ ನಿಂತು, "ಹೋಗಿ ಬಾ ತಮ್ಮಾ. ಮನ್ಯಾಗ ಕುಂತು ಏನ್ ಮಾಡ್ತಿ? ಶಿವ ಹ್ಯಾಂಗ ನಡಸ್ತಾನೋ ಹಂಗ," ಎಂದಿದ್ದಳು. ಅವನು ರಜೆ ಕೇಳಿದ್ದರೆ ಸಿಗುತ್ತಿತ್ತು. ಕೇಳಲಿಲ್ಲ. ಸೈಕಲ್ ಓಣಿಯ ಮೂಲೆ ತಿರುಗಿದಾಗ ಹಗುರವಾದಂತೆ ಅನ್ನಿಸಿದ್ದು, ಈಗ ನೆನೆದರೆ ಬಾಯಿ ಕಹಿಯಾಗುತ್ತಿತ್ತು.

ನಿಜಾಮ್ ಸರಕಾರದ ದನದ ದವಾಖಾನೆಯಲ್ಲಿ ಅವನು ಸಲೋತ್ರಿ. ಹಳ್ಳಿಯವರ ಬಾಯಲ್ಲಿ ದನದ ಡಾಕ್ಟರ್ ಸಾಬ. ಹಳ್ಳಿಗೊಂದು ಒಳ್ಳೆಯ ಹೋರಿಯನ್ನು ತಳಿಗೆಂದು ಬಿಟ್ಟು ಉಳಿದವುಗಳ ಬೀಜ ಒಡೆದು ಎತ್ತು ಮಾಡುವುದು ಚಳಿಗಾಲದ ಕೆಲಸ. ಬೆನ್ನು ನೆಟ್ಟಗಿದೆಯೋ, ಎದೆ ಅಗಲವೋ, ಗೊರಸು ಬಿಗಿಯಾಗಿದೆಯೋ ಎಂದು ಅವನು ಒಂದು ಸುತ್ತು ನಡೆದು ನೋಡುತ್ತಿದ್ದ. ಆಮೇಲೆ 'ಇದು ಇರಲಿ', 'ಇದು ಬ್ಯಾಡ' ಅಷ್ಟೇ. ಬ್ಯಾಡ ಅಂದದ್ದರ ವಂಶ ಅಲ್ಲಿಗೆ ಮುಗಿಯಿತು. ಅದರ ಕೊಂಬಿನ ಬಾಗು, ಅದರ ಕಣ್ಣಿನ ಸುತ್ತಿನ ಮಚ್ಚೆ ಇನ್ನೊಂದು ಕರುವಿನಲ್ಲಿ ಎಂದೂ ಕಾಣುವುದಿಲ್ಲ. ಈ ಅಧಿಕಾರ ಅವನಿಗೆ ಒಳಗೊಳಗೇ ಹಿಗ್ಗು ತರುತ್ತಿತ್ತು. ಕಚೇರಿಯಲ್ಲಿ ಮೇಲಿನವರ ಮುಂದೆ ಕೈಕಟ್ಟಿ ನಿಲ್ಲುವವನು, ಹುಣಸೆಮರದ ಕೆಳಗೆ ಬಂದರೆ ಸೃಷ್ಟಿಯ ಒಂದು ತುದಿಯನ್ನೇ ಕೈಯಲ್ಲಿ ಹಿಡಿದವನ ಹಾಗೆ ನಡೆಯುತ್ತಿದ್ದ. ಇವತ್ತು ಮಾತ್ರ 'ಬ್ಯಾಡ' ಎನ್ನುವ ಮುಂಚೆ ಪ್ರತಿ ಹೋರಿಯನ್ನೂ ಎರಡೆರಡು ಸುತ್ತು ನೋಡುತ್ತಿದ್ದ. ಇಕ್ಕಳ ಮುಚ್ಚುವಾಗಿನ ಆ ಸಣ್ಣ ಶಬ್ದ, ಒಣಗಿದ ಕಡ್ಡಿ ಮುರಿದ ಹಾಗೆ, ಮೊಳಕೈವರೆಗೆ ಏರಿ ಬರುತ್ತಿತ್ತು.

"ಸಾಬ್ರ, ಮನ್ಯಾಗ ಗಂಡು ಹುಟ್ಟ್ಯಾನಂತಲ್ರಿ!" ಚಾವಡಿಯ ಕಟ್ಟೆಯ ಮೇಲೆ ಕುಳಿತಿದ್ದ ಪಟೇಲ ಶಂಕ್ರೆಪ್ಪ ಎಲ್ಲರಿಗೂ ಕೇಳುವಂತೆ ಕೂಗಿದ. "ನಮಗ ಪೇಢಾ ಎಲ್ಲಿ?"

ಸುತ್ತ ನಿಂತವರು ನಕ್ಕರು. ಮನ್ಮಥಪ್ಪನೂ ನಕ್ಕ. "ತರ್ತೀನ್ರಿ, ಪಟೇಲ್ರ."

"ಯಾರ ಹಂಗ ಅದಾನ? ನಿಮ್ಮ ಹಂಗೋ, ಅವರವ್ವನ ಹಂಗೋ?"

ಅವನ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು. "ಇನ್ನಾ ತಿಳೀವಲ್ದ್ರಿ," ಎಂದು ಮುಂದಿನ ಹೋರಿಯ ಕಡೆಗೆ ಬಗ್ಗಿದ.

ಆ ಮೀಸೆ ಹೈದರಾಬಾದಿನಲ್ಲಿ ಬಿಟ್ಟದ್ದು. ದನದ ವೈದ್ಯ ಕಲಿಯುವ ಶಾಲೆಯಲ್ಲಿ ಬಿಳಿಗಡ್ಡದ ಉಸ್ತಾದರೊಬ್ಬರು ಇದ್ದರು. ಕಾವಿಗಿಟ್ಟ ಕೋಳಿಮೊಟ್ಟೆಗಳನ್ನು ದಿನಕ್ಕೊಂದರಂತೆ ಒಡೆದು, ಒಳಗಿನ ಜೀವವನ್ನು ಬೆಚ್ಚನೆಯ ನೀರಿನ ತಟ್ಟೆಗೆ ಜಾರಿಸಿ, ಭೂತಗನ್ನಡಿಯ ಕೆಳಗೆ ತೋರಿಸುತ್ತಿದ್ದರು. ಕೆಂಪು ಚುಕ್ಕೆಯೊಂದು ಮಿಡಿಯುತ್ತಿತ್ತು. ಪಕ್ಕದ ಗಾಜಿನ ಭರಣಿಗಳಲ್ಲಿ ಆಡಿನದು, ಹಂದಿಯದು, ಮನುಷ್ಯನದು, ಎಲ್ಲವೂ ಬೆರಳುಗುರಿನಷ್ಟು. ಯಾವುದು ಯಾವುದೆಂದು ಹೇಳಲು ಬರುತ್ತಿರಲಿಲ್ಲ. ಎಲ್ಲಕ್ಕೂ ಬಾಲ, ಎಲ್ಲದರ ಕೊರಳಲ್ಲೂ ಮೀನಿನ ಕಿವಿರಿನಂಥ ಮಡಿಕೆ. "ನೀವೆಲ್ಲ ಈ ದಾರಿಯಿಂದಲೇ ಬಂದವರು. ಎಷ್ಟೋ ಯುಗಗಳ ದಾರಿ ತಾಯಿಯ ಹೊಟ್ಟೆಯಲ್ಲಿ ಇನ್ನೂ ಅಳಿಸಿಹೋಗಿಲ್ಲ," ಎಂದು ಅವರು ಉರ್ದುವಿನಲ್ಲಿ ಮೆಲ್ಲಗೆ ಹೇಳುತ್ತಿದ್ದರು. ಮುಖ ಎಂಬುದು ಮೊದಲಿಗೆ ಇರುವುದಿಲ್ಲವಂತೆ. ಎಡದಿಂದ ಒಂದು ಮಡಿಕೆ, ಬಲದಿಂದ ಒಂದು, ಮೇಲಿನಿಂದ ಒಂದು, ತೆವಳುತ್ತ ಬಂದು ನಡುವೆ ಕೂಡಿಕೊಳ್ಳುತ್ತವಂತೆ. ತಾನು ಬಸುರಿ ಎಂದು ತಾಯಿಗೆ ಖಚಿತವಾಗುವ ಹೊತ್ತಿಗೆ ಮುಖ ಕೂಡುವ ಕೆಲಸ ಮುಗಿಯುತ್ತ ಬಂದಿರುತ್ತದೆ. "ಮೂಗಿನ ಕೆಳಗೆ ಬೆರಳಿಟ್ಟು ನೋಡಿಕೊಳ್ಳಿ. ಆ ಹೊಂಡದ ಎರಡು ದಂಡೆಯೇ ನೀವು ಕೂಡಿಕೊಂಡ ಗುರುತು." ಎಲ್ಲರೂ ಮುಟ್ಟಿಕೊಂಡರು. ಉಸ್ತಾದರು ಸಾಲಿನಲ್ಲಿ ನಡೆಯುತ್ತ ಬಂದು ಮನ್ಮಥಪ್ಪನ ಮುಂದೆ ನಿಂತು, ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. ಅವನ ಮೇಲ್ದುಟಿಯ ಎಡಕ್ಕೆ ದಾರದಂಥ ತೆಳು ಗೆರೆಯೊಂದಿತ್ತು. ಎಳವೆಯಲ್ಲಿ ಬಿದ್ದ ಗಾಯ ಎಂದು ಅವ್ವ ಹೇಳಿದ್ದಳು. "ನೋಡಿ, ಇವನದು ಕೂಡುವಾಗ ಸ್ವಲ್ಪ ತಡವಾಗಿದೆ," ಎಂದರು ಉಸ್ತಾದರು, ಹಣ್ಣೊಂದನ್ನು ತೋರಿಸುವಷ್ಟೇ ಸಹಜವಾಗಿ. ಇಡೀ ವರ್ಗ ಎದ್ದು ಬಗ್ಗಿ ನೋಡಿ ನಕ್ಕಿತು. ಆ ವಾರದಿಂದ ಅವನು ಮೀಸೆ ಬಿಟ್ಟ. ಮದುವೆಯಲ್ಲೂ ತೆಗೆಯಲಿಲ್ಲ.

ಕೂಸು ಹುಟ್ಟಿದ ಹೊತ್ತಿನಲ್ಲಿ ಅವನು ಪಡಸಾಲೆಯಲ್ಲಿದ್ದ. ಒಳಗೆ ಹೆಂಗಸರ ಮಾತು ಒಮ್ಮೆಲೇ ನಿಂತಿತು. ಆಮೇಲೆ ಸೂಲಗಿತ್ತಿ ಮಾಣಿಕಮ್ಮನ ದನಿ: "ಗ್ರಹಣದಾಗ ಇಳಿಗಿ ಹಿಡದಿದ್ದೇನವ್ವಾ, ಹಿಂಗ್ಯಾಕಾತು?" ಶಕುಂತಲಾಬಾಯಿ, ಅವನ ಹೆಂಡತಿ, ಸೋತ ದನಿಯಲ್ಲಿ, "ಇಲ್ಲವ್ವಾ, ನಾ ಆ ದಿನಾ ಚಾಪಿ ಬಿಟ್ಟು ಎದ್ದಿಲ್ಲ. ಅತ್ತಿನ್ನ ಕೇಳ್ರಿ," ಎನ್ನುತ್ತಿದ್ದಳು. ಅತ್ತೆ ಸುಂದರಬಾಯಿ ಮಾತಾಡಲಿಲ್ಲ. ಮಾತಾಡದೆ ಇದ್ದುದರಿಂದಲೇ ಅದು ನಿಜವಾಯಿತು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗಿತ್ತು, ಸೊಸೆ ಗ್ರಹಣದಲ್ಲಿ ಬದನೆಕಾಯಿ ಹೆಚ್ಚಿದಳೆಂದು. ಪಡಸಾಲೆಯಲ್ಲಿ ಮನ್ಮಥಪ್ಪ ಮೀಸೆಯ ಮೇಲೆ ಬೆರಳಿಟ್ಟು ಕುಳಿತಿದ್ದ. ತಾಯಿಯ ಅಣ್ಣ ಬಂಡೆಪ್ಪಮಾವ ಅವನ ಕಣ್ಣ ಮುಂದಿದ್ದ. ಧೋತರದ ಚುಂಗಿನಿಂದ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದ ಮಾವ. ಮದುವೆ ಮನೆಗಳಲ್ಲಿ ಪಂಕ್ತಿಗೆ ಬರದೆ ದನದ ಕೊಟ್ಟಿಗೆಯಲ್ಲಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ ಮಾವ. ಅವನ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ, ಹೋರಿಗಳಿಗೆ ತಿಳಿಯುತ್ತಿತ್ತು. ರಕ್ತದಲ್ಲಿ ಎಷ್ಟು ತಲೆಮಾರಿನಿಂದ ಬಂದದ್ದೋ ಅದು, ಅಜ್ಜನ ಅಜ್ಜಿಯಿಂದಲೋ, ಅದಕ್ಕೂ ಹಿಂದಿನಿಂದಲೋ. ಒಂದು ತಲೆಮಾರಿನಲ್ಲಿ ಬಾಯಿ ಸೀಳಿ, ಒಂದು ತಲೆಮಾರಿನಲ್ಲಿ ದಾರದಂಥ ಗೆರೆಯಾಗಿ ಅಡಗಿ, ತನ್ನ ಮೈಯಲ್ಲಿ ಹಾದು ಕೂಸಿನ ಮುಖದಲ್ಲಿ ತೆರೆದುಕೊಂಡಿತ್ತು. ಇದು ಅವ್ವನಿಗೂ ಗೊತ್ತು, ತನಗೂ ಗೊತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ತಾಯಿ ಮಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಆ ಮಾತನ್ನು ನುಂಗಿದರು.

ಮರುದಿನ ಅಯ್ಯನವರು ಕೂಸಿಗೆ ಲಿಂಗ ಕಟ್ಟಲು ಬಂದಾಗ ಸುಂದರಬಾಯಿ ಅವರನ್ನು ಅಂಗಳದಲ್ಲೇ ನಿಲ್ಲಿಸಿ, "ಇನ್ನೊಂದೆರಡು ದಿನಾ ನೋಡೋಣ್ರಿ," ಎಂದಳು. ಏನನ್ನು ನೋಡುವುದು ಎಂದು ಅಯ್ಯನವರು ಕೇಳಲಿಲ್ಲ. ಮನ್ಮಥಪ್ಪನೂ ಕೇಳಲಿಲ್ಲ.

"ಸಾಬ್ರ, ಇದೊಂದು ಬಿಡ್ರಿ."

ಲಚ್ಚಮ್ಮ ಎಂಬ ವಿಧವೆ ಅವನ ಎದುರು ನಿಂತಿದ್ದಳು. ಅವಳ ಹೋರಿ ಗಿಡ್ಡ, ಕಂದು ಬಣ್ಣ, ಹಿಂಗಾಲೊಂದು ಒಳಕ್ಕೆ ಸೊಟ್ಟ.

"ಕಾಲು ನೋಡಮ್ಮ ಇದರದು. ಇದರ ಕರಾನೂ ಹಿಂಗಽ ಆಗ್ತಾವ."

"ಸೊಟ್ಟ ಆದ್ರ ಏನಾತ್ರಿ, ನಡೀತದಲ್ಲ? ಇದರವ್ವ ಸತ್ತಾಗಿಂದ ನಾನಽ ಸಾಕೀನಿ." ಅವನು ಹೋರಿಯ ತೊಡೆಗೆ ಕೈ ಹಾಕಿದ್ದನ್ನು ನೋಡಿ ಅವಳ ದನಿ ಏರಿತು. "ನಾರಾಯಣಖೇಡದ ಕಡಿ ದೇಶಮುಖರ ಮನ್ಯಾಗ ಬಾಯಿ ಹರದ ಕರಾ ಹುಟ್ಟಿದ್ರ, ಹಗಲು ರಾತ್ರಿ ಕುಂತು ಗೊಟ್ಟದಾಗ ಹಾಲು ಹಾಕಿ ಬದುಕಿಸಿದ ಸಾಬ್ರು ನೀವಽ ಅಲ್ಲೇನ್ರಿ? ಸೀಮಿಗೆಲ್ಲಾ ಗೊತ್ತದ. ದೊಡ್ಡೋರ ಕರಾಕ್ಕೊಂದು ನ್ಯಾಯ, ನನ್ನದಕ್ಕೊಂದು ನ್ಯಾಯ ಏನ್ರಿ?"

ಯಾರೋ ನಕ್ಕರು. ಮನ್ಮಥಪ್ಪನ ಕೈ ಹೋರಿಯ ತೊಡೆಯ ಮೇಲೆಯೇ ನಿಂತಿತು. ಅವನು ಮರೆತಿರಲಿಲ್ಲ. ನಾಲ್ಕು ದಿನದಿಂದ ಅದನ್ನಷ್ಟೇ ನೆನೆಯದಿರಲು ಅವನು ಪಾಡುಪಟ್ಟಿದ್ದ. ಮೇಲು ತಳಿಯ ಹಸುವಿನ ಕರು ಅದು, ದೇಶಮುಖರು ಉಳಿಸಲೇಬೇಕು ಎಂದಿದ್ದರು. ಅವನು ಕೊಟ್ಟಿಗೆಯಲ್ಲೇ ಮಲಗಿ, ಕರುವಿನ ತಲೆಯನ್ನು ತೊಡೆಯ ಮೇಲೆ ಎತ್ತಿ ಹಿಡಿದು, ಬಿದಿರಿನ ಗೊಟ್ಟದ ತುದಿಯನ್ನು ಸೀಳು ದಾಟಿಸಿ ನಾಲಗೆಯ ಹಿಂದಕ್ಕೆ ಇಟ್ಟು, ಒಂದು ಗುಟುಕು, ಅದು ಇಳಿಯುವವರೆಗೆ ಕಾದು ಇನ್ನೊಂದು ಗುಟುಕು. ಅದು ಬದುಕಿತು. ದೇಶಮುಖರು ಅವನಿಗೆ ರುಮಾಲು ಸುತ್ತಿದರು. ತುಟಿ ಹೊಲಿಯುವ ಡಾಕ್ಟರರು ಹೈದರಾಬಾದಿನಲ್ಲಿದ್ದಾರೆಂಬುದೂ ಅವನಿಗೆ ಗೊತ್ತಿತ್ತು. ಅಲ್ಲಿಯವರೆಗೆ ಜೀವ ಹಿಡಿಯುವುದಕ್ಕೆ ಒಂದು ಒಳಲೆ, ಕೂಸಿಗೆ ಹಾಲು ಹಾಕುವ ಆ ಸಣ್ಣ ಬಟ್ಟಲು, ಸಾಕು. ಮನೆಯ ಗೂಡಿನಲ್ಲೇ ಇತ್ತು.

ಅವನು ಇಕ್ಕಳವನ್ನು ಚೀಲಕ್ಕೆ ಹಾಕಿದ. "ಇವತ್ತಿಗೆ ಸಾಕು."

"ಅರ್ಧಕ್ಕ ಬಿಟ್ಟು ಹೊಂಟ್ರೇನ್ರಿ?" ಪಟೇಲ ಕಟ್ಟೆಯಿಂದ ಇಳಿದ. "ಆಕಿ ಮಾತಿಗಿ ಸಿಟ್ಟಾದ್ರಿ? ಏ ಲಚ್ಚಿ, ಸಾಬ್ರ ಕಾಲು ಹಿಡಿ!" ಅವಳು ಹೆದರಿ ಬಗ್ಗುವಷ್ಟರಲ್ಲಿ ಅವನು ಸೈಕಲ್ ಏರಿದ್ದ.

ಕೆಂಪು ಮಣ್ಣಿನ ದಾರಿ, ಎರಡೂ ಕಡೆ ತೆನೆ ಹಾಕುತ್ತಿದ್ದ ಜೋಳ. ಮೊದಲು ಅವನು ಜೋರಾಗಿ ತುಳಿದ. ಆಮೇಲೆ ಯಾಕೋ ಕಾಲು ನಿಧಾನವಾದವು. 'ಕುದರತ್ತು, ಈ ಪ್ರಕೃತಿ, ಯಾರನ್ನೂ ಆರಿಸುವುದಿಲ್ಲ,' ಎನ್ನುತ್ತಿದ್ದರು ಉಸ್ತಾದರು. 'ಅದಕ್ಕೆ ಕಣ್ಣಿಲ್ಲ, ಸಿಟ್ಟೂ ಇಲ್ಲ. ಬಾಯಿಗೆ ಅನ್ನ ಹೋದದ್ದು ಉಳಿಯುತ್ತದೆ, ಉಳಿದದ್ದು ಬೆಳೆಯುತ್ತದೆ.' ಈ ನಾಲ್ಕು ದಿನ ಅವನು ಆ ಮಾತಿನ ನೆರಳಿನಲ್ಲೇ ಕುಳಿತಿದ್ದ. ಆದರೆ ತನ್ನ ಮನೆಯಲ್ಲಿ ಕುದರತ್ತು ಎಲ್ಲಿತ್ತು? ಅಲ್ಲಿ ಅವ್ವ ಇದ್ದಳು, ತಾನಿದ್ದ. ಕೂಸಿನ ಸುತ್ತ ಒಂದು ಸುತ್ತು ನಡೆದು ನೋಡಿ ಇಬ್ಬರೂ ಬಾಯಿ ಬಿಡದೆ 'ಬ್ಯಾಡ' ಎಂದಿದ್ದರು. ಆಗ ಅವನಿಗೆ ಇನ್ನೊಂದು ವಿಚಾರ ಬಂತು. ಈಗ ಹೋಗಿ ಹಾಲು ಕುಡಿಸಿದರೆ, ಕುಡಿಸಲು ಬರುತ್ತಿತ್ತು ಎಂಬುದು ಶಕುಂತಲೆಗೆ ತಿಳಿದುಹೋಗುತ್ತದೆ. ಕುಡಿಸದೆ ಇದ್ದರೆ ಎಂದೆಂದಿಗೂ ತಿಳಿಯುವುದಿಲ್ಲ. ಶಿವನ ಇಚ್ಛೆ, ಗ್ರಹಣದ ದೋಷ, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ನೆಮ್ಮದಿಯಾಗಿ ಕೂತಿರುತ್ತವೆ. ಮುಂದಿನ ವರ್ಷ ಇನ್ನೊಂದು ಕೂಸು. ಊರು ಸಮೀಪಿಸಿದಾಗ ರೈಲಿನ ಗೇಟು ಹಾಕಿತ್ತು. ಬೀದರ್ ಕಡೆಯ ಮಾಲುಗಾಡಿ ಇನ್ನೂ ಕಾಣುತ್ತಿರಲಿಲ್ಲ. ಸೈಕಲ್ ಎತ್ತಿ ದಾಟಬಹುದಿತ್ತು; ಎಲ್ಲರೂ ದಾಟುತ್ತಿದ್ದರು. ಅವನು ಕಾನೂನು ಪಾಲಿಸುವವನ ಹಾಗೆ ಗೇಟಿಗೆ ಕೈಯಿಟ್ಟು ನಿಂತ. ಗಾಡಿ ಬಂತು, ಒಂದೊಂದೇ ಡಬ್ಬಿ ಹಾದುಹೋಯಿತು. ಇನ್ನೂ ಇರಲಿ, ಇನ್ನೂ ಇರಲಿ ಎಂದು ಮನಸ್ಸಿನ ಒಂದು ಮೂಲೆ ಬೇಡಿಕೊಳ್ಳುತ್ತಿದ್ದುದನ್ನು ಅವನು ಸ್ಪಷ್ಟವಾಗಿ ಕೇಳಿಸಿಕೊಂಡ. ಗೇಟು ಎದ್ದಾಗ ಅವನ ಕಣ್ಣಲ್ಲಿ ನೀರಿತ್ತು. ಆಮೇಲೆ ಮನೆಯವರೆಗೂ ನಿಲ್ಲದೆ ತುಳಿದ.

ಅಳು ಕೇಳಿಸಲಿಲ್ಲ. ಬಾಣಂತಿ ಕೋಣೆಯ ಹೊಗೆಯಲ್ಲಿ ಶಕುಂತಲಾಬಾಯಿ ಗೋಡೆಗೆ ಒರಗಿ ಕುಳಿತಿದ್ದಳು. ಸೀರೆಯ ಮುಂಭಾಗ ಹಾಲಿನಿಂದ ತೊಯ್ದು ಅಂಟಿಕೊಂಡಿತ್ತು. ಕೂಸು ತೊಡೆಯ ಮೇಲಿತ್ತು, ಕಣ್ಣು ತೆರೆದಿತ್ತು. ಅಳಲು ಅದರಲ್ಲಿ ಶಕ್ತಿ ಉಳಿದಿರಲಿಲ್ಲ.

"ಹಾಲು ಹಿಂಡು," ಎಂದ ಅವನು. ಗೂಡಿನಿಂದ ಒಳಲೆ ತೆಗೆದು ಸೆರಗಿನ ಮುಂದೆ ಹಿಡಿದ. ಅವಳು ಅರ್ಥವಾಗದೆ ನೋಡಿದಳು, ಆದರೂ ಹಿಂಡಿದಳು. ಅವನು ಕೂಸನ್ನು ಎತ್ತಿ, ನೆಟ್ಟಗೆ ಕೂರಿಸಿದ ಹಾಗೆ ಎದೆಗೆ ಒರಗಿಸಿಕೊಂಡು, ಒಳಲೆಯ ತುದಿಯನ್ನು ಕೆನ್ನೆಯ ಒಳಗಿನಿಂದ ಹಿಂದಕ್ಕೆ ಸರಿಸಿ ಒಂದು ಹನಿ ಬಿಟ್ಟ. ಕಾದ. ಎಳೆಯ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಇನ್ನೊಂದು ಹನಿ. ಮೂಗಿನಿಂದ ಸ್ವಲ್ಪ ಬಂತು, ಬೆರಳಿನಿಂದ ಒರೆಸಿದ. ಇನ್ನೊಂದು. ಬಟ್ಟಲು ಅರ್ಧವಾಗುವಷ್ಟರಲ್ಲಿ ಕೂಸಿನ ಕೈಯೊಂದು ಬಂದು ಅವನ ಹೆಬ್ಬೆರಳನ್ನು ಹಿಡಿದುಕೊಂಡಿತು.

ಶಕುಂತಲಾಬಾಯಿ ಬಗ್ಗಿ ನೋಡುತ್ತಿದ್ದಳು. ಅವಳ ಮುಖದಲ್ಲಿ ಮೊದಲು ಬೆಳಕು ಬಂತು. ಆಮೇಲೆ ಅದು ಮೆಲ್ಲಗೆ ಹೋಯಿತು. "ನಿಮಗ ಬರ್ತಿತ್ತು," ಎಂದಳು.

ಅವನು ಇನ್ನೊಂದು ಹನಿ ಬಿಟ್ಟ.

"ಮೊದಲನೇ ದಿನದಿಂದ್ಲೂ ಬರ್ತಿತ್ತೇನ್ರಿ?"

"ಹೂಂ."

ಬಾಗಿಲಲ್ಲಿ ಸುಂದರಬಾಯಿ ನಿಂತಿದ್ದಳು. "ಏನ್ ಮಾಡಾಕ್ ಹತ್ತಿದಿ ತಮ್ಮಾ? ಅದನ್ಯಾಕ ತ್ರಾಸ ಕೊಡ್ತಿ?"

"ಕುಡೀಲಾಕತ್ಯಾನ, ಅವ್ವಾ."

"ಕುಡದು?" ಸುಂದರಬಾಯಿಯ ದನಿ ಒಡೆಯಿತು. "ಕುಡದು ದೊಡ್ಡವನಾಗಿ? ನಮ್ಮಣ್ಣಗ ನಾನಽ ಊಟಾ ಒಯ್ದು ಕೊಡ್ತಿದ್ದೆ, ದನದ ಕೊಟಗ್ಯಾಗ. ಊರ ಹುಡುಗರು ಅಂವನ ಹಂಗ ಮಾತಾಡಿ ಮಾತಾಡಿ ನಗ್ತಿದ್ರು. ಭಾಂವ್ಯಾಗ ಬಿದ್ದ ಅಂವ. ಕಾಲು ಜಾರಿತು ಅಂತ ಅಂದ್ರು. ಜಾರಿಲ್ಲ ಅದು, ನನಗ ಗೊತ್ತದ. ಇಂವನೂ ಹಂಗಽ ಬಾಳಬೇಕೇನು?"

ಅವ್ವ ಬಂಡೆಪ್ಪಮಾವನ ಮಾತನ್ನು ಸೊಸೆಯ ಎದುರು ಎತ್ತಿದ್ದು ಅದೇ ಮೊದಲು. ಶಕುಂತಲಾಬಾಯಿ ಅತ್ತೆಯನ್ನು ನೋಡಿದಳು, ಆಮೇಲೆ ಗಂಡನನ್ನು.

"ಗ್ರಹಣ ಅಲ್ಲ," ಎಂದ ಮನ್ಮಥಪ್ಪ. ಮಾತು ಹೊರಗೆ ಬಂದಾಗ ಎಷ್ಟು ಸಣ್ಣದಾಗಿತ್ತು. "ನಮ್ಮ ಕಡಿಂದ ಬಂದದ್ದು. ನನಗೂ ಅದ, ಮೀಸಿ ಕೆಳಗ."

"ಗೊತ್ತದ," ಎಂದಳು ಅವಳು. "ಮದುವಿಯಾದ ಹೊಸತರಾಗ, ನೀವು ನಿದ್ದಿ ಹತ್ತಿದಾಗ ಮುಟ್ಟಿ ನೋಡೀನಿ. ಇಂವ ಹುಟ್ಟಿದಾಗ, ನೀವು ಹೇಳ್ತೀರಿ ಅಂತ ಬಾಗಿಲಾ ನೋಡಕೋತ ಮಲಗಿದ್ದೆ."

 ಕೂಸನ್ನು ಅವನ ಕೈಯಿಂದ ತೆಗೆದುಕೊಂಡು, ಅವನು ಹಿಡಿದಿದ್ದ ಹಾಗೆಯೇ ನೆಟ್ಟಗೆ ಹಿಡಿದು, ಒಳಲೆಗೆ ಕೈ ಚಾಚಿದಳು. ಒಂದು ಸಲಕ್ಕೇ ಅವಳಿಗೆ ಬಂತು. ಹನಿ ಬಿಡುವುದು, ಕಾಯುವುದು, ಒರೆಸುವುದು. ಹನಿಗೂ ಹನಿಗೂ ನಡುವೆ ಕೂಸಿನ ಕಿವಿಯಲ್ಲಿ ಅವಳು ಏನನ್ನೋ ಪಿಸುಗುಡುತ್ತಿದ್ದಳು. ಪ್ರತಿ ಸಲವೂ ಅದರ ಕಣ್ಣು ಅವಳ ಕಡೆಗೆ ಹೊರಳುತ್ತಿತ್ತು. ಸುಂದರಬಾಯಿ ಬಾಗಿಲಲ್ಲೇ ಕುಸಿದು ಕುಳಿತಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ, ಬಿಸಿನೀರು ತಂದು ಸೊಸೆಯ ಪಕ್ಕದಲ್ಲಿಟ್ಟಳು.

ದೀಪ ಹಚ್ಚುವ ಹೊತ್ತಿಗೆ ಕೂಸು ಒಮ್ಮೆ ಅತ್ತಿತು. ಆ ತಿದಿಯ ಸದ್ದು ಕೇಳಿ ಮನ್ಮಥಪ್ಪನಿಗೆ ಹಿಗ್ಗಾಯಿತು. ಸಾಲ ಮಾಡಿಯಾದರೂ ಹೈದರಾಬಾದಿಗೆ ಒಯ್ಯಬೇಕು, ತಾಂಡೂರಿನಲ್ಲಿರುವ ಹೆಂಡತಿಯ ತಂದೆಗೂ ಹೇಳಿ ಕಳಿಸಬೇಕು ಎಂದು ಅವನು ಪಡಸಾಲೆಯಲ್ಲಿ ಅಡ್ಡಾಡುತ್ತ ಯೋಚಿಸಿದ. ಆದರೆ ಬೆಳಗಾಗುವಷ್ಟರಲ್ಲಿ ಕೂಸಿನ ಎದೆಯಲ್ಲಿ ಗೊರಗೊರ ಶುರುವಾಗಿತ್ತು. ನಾಲ್ಕು ದಿನ ಒಣಗಿದ ಮೈ, ಮೊದಲ ದಿನಗಳಲ್ಲಿ ತಪ್ಪು ದಾರಿಗೆ ಇಳಿದ ಹಾಲು. ಕರುಗಳಲ್ಲಿ ಆ ಸದ್ದನ್ನು ಎಷ್ಟೋ ಸಲ ಕೇಳಿದ್ದವನಿಗೆ ಅದರ ಅರ್ಥವನ್ನು ಯಾರೂ ಹೇಳಬೇಕಾಗಿರಲಿಲ್ಲ. ಶಕುಂತಲಾಬಾಯಿ ಹನಿ ಹಾಕುವುದನ್ನು ಬಿಡಲಿಲ್ಲ. ಬಿಸಿಲು ಅಂಗಳದ ತುಂಬ ಬಂದಾಗ ಒಂದು ಹನಿ ಬಾಯಲ್ಲಿ ನಿಂತಿತು, ಇಳಿಯಲಿಲ್ಲ. ಅವಳು ಕಾದಳು. ಬಹಳ ಹೊತ್ತು ಕಾದಳು.

ಮಧ್ಯಾಹ್ನ ಅಯ್ಯನವರು ಬಂದರು. ಓಣಿಯ ಇಬ್ಬರು ಗಂಡಸರು ಹಿತ್ತಲ ಆಚೆಯ ಹೊಲದಂಚಿನಲ್ಲಿ ಗುಣಿ ತೋಡಿ ಬಂದು ಕೈ ತೊಳೆಯುತ್ತಿದ್ದರು. ಬಿಳಿಯ ಅರಿವೆಯಲ್ಲಿ ಸುತ್ತಿದ ಕೂಸು ಮನ್ಮಥಪ್ಪನ ಕೈಯಲ್ಲಿತ್ತು. ತನ್ನ ಇಕ್ಕಳದ ಚೀಲಕ್ಕಿಂತ ಹಗುರವಿತ್ತು ಎಂದು ಅನ್ನಿಸಿ, ಅಂಥ ಹೋಲಿಕೆ ತನಗೆ ಹೊಳೆದದ್ದಕ್ಕೆ ಅವನು ತನಗೆ ತಾನೇ ಹೇಸಿಕೊಂಡ. ಅಯ್ಯನವರು ಪುಟ್ಟ ಲಿಂಗವೊಂದನ್ನು ಅರಿವೆಯೊಳಗೆ ಇಟ್ಟು, ವಿಭೂತಿ ಹಚ್ಚಿ, "ಹೆಸರೇನ್ರಿ?" ಎಂದು ಕೇಳಿದರು.

"ಇನ್ನಾ ಇಟ್ಟಿದ್ದಿಲ್ರಿ," ಎಂದಳು ಸುಂದರಬಾಯಿ, ಸೆರಗು ಬಾಯಿಗೆ ಒತ್ತಿಕೊಂಡು.

ಮನ್ಮಥಪ್ಪನಿಗೆ ಆ ಪಿಸುಮಾತು ನೆನಪಾಯಿತು. "ಒಂದು ನಿಮಿಷ ನಿಲ್ರಿ," ಎಂದು ಕೂಸನ್ನು ಹಿಡಿದೇ ಒಳಗೆ ಹೋದ. ಶಕುಂತಲಾಬಾಯಿ ಖಾಲಿ ತೊಡೆಯ ಮೇಲೆ ಕೈಯಿಟ್ಟು ಕುಳಿತಿದ್ದಳು. ಅವನು ಹತ್ತಿರ ಕುಕ್ಕರಗಾಲಲ್ಲಿ ಕುಳಿತ.

"ಇಂವನ್ನ ಏನಂತ ಕರೀತಿದ್ದಿ?"

ಅವಳು ಅರಿವೆಯ ಗಂಟನ್ನು ನೋಡಿದಳು, ಅದನ್ನು ಹಿಡಿದಿದ್ದ ಅವನ ಕೈಗಳನ್ನು ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಿಡಿಯಲು ಏನಾದರೂ ಸಿಗುತ್ತಿತ್ತು.

"ನಾ ಕರದ್ರ ಅಂವ ನೋಡ್ತಿದ್ದ," ಎಂದಳು. "ಅದು ನಮ್ಮಿಬ್ಬರದು. ಹೋಗ್ರಿ, ಹೊತ್ತಾಗ್ತದ."

ಅವನು ಹೊರಗೆ ಬಂದ. ಬಿಸಿಲಿಗೆ ಕಣ್ಣು ಕತ್ತಲೆಗಟ್ಟಿತು. ಅಯ್ಯನವರು ವಿಭೂತಿಯ ಬೆರಳನ್ನು ಹಾಗೇ ಹಿಡಿದುಕೊಂಡು ಕಾಯುತ್ತಿದ್ದರು.

"ಹೆಸರು ಅದ ರೀ," ಎಂದ ಮನ್ಮಥಪ್ಪ. "ನನಗ ಗೊತ್ತಿಲ್ಲ."